ಉಪ್ಪುಗಾಳಿಯ ಮನೆಗೆ ಸತುವಿನ ಲೇಪ: ಟ್ರಸ್, ಗೇಟು, ಗ್ರಿಲ್‌ಗೆ ಹಚ್ಚುವ ಕ್ರಮ

ಕರಾವಳಿಯಲ್ಲಿ ತಾರಸಿಯ ಮೇಲೆ ಪೈಪಿನ ಚೌಕಟ್ಟು (ಟ್ರಸ್) ಕಟ್ಟಿ ಶೀಟು ಹಾಕಿಸದ ಮನೆ ಈಗ ಅಪರೂಪ. ಹಾಕಿಸುವಾಗ "ಜಿಐ ಪೈಪು ಸಾರ್, ತುಕ್ಕಿನ ಮಾತೇ ಇಲ್ಲ" ಎಂದಿರುತ್ತಾರೆ. ಎರಡು ಮಳೆಗಾಲ ಕಳೆದ ಮೇಲೆ ತಲೆಯೆತ್ತಿ ನೋಡಿ. ಪೈಪಿನ ನಡುಭಾಗ ಬೂದು ಬಣ್ಣದಲ್ಲಿ ಇದ್ದ ಹಾಗೇ ಇರುತ್ತದೆ, ಬೆಸುಗೆ ಹಾಕಿದ ಮೂಲೆಗಳಿಂದ ಮಾತ್ರ ಕಂದು ನೀರು ಇಳಿದ ಗೆರೆಗಳು.

ಹೇಳಿದವರದು ಪೂರ್ತಿ ಸುಳ್ಳಲ್ಲ. ಜಿಐ ಎಂದರೆ ಸತು ಬಳಿದ ಕಬ್ಬಿಣ. ಪೈಪಿನ ಮೇಲೆ ಸತು ಇತ್ತು, ಬೆಸುಗೆಯ ಬಿಸಿಗೆ ಅದು ಆವಿಯಾಗಿ ಹೋಯಿತು. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, 907ಕ್ಕೆ ಕುದಿಯುತ್ತದೆ. ಕಬ್ಬಿಣ ಕರಗಲು 1500 ದಾಟಬೇಕು. ಅಂದರೆ ಕಬ್ಬಿಣ ಕರಗುವಷ್ಟು ಕಾಯಿಸಿದರೆ ಅಲ್ಲಿ ಸತು ಉಳಿಯುವ ಪ್ರಶ್ನೆಯೇ ಇಲ್ಲ. ಇದೇ ಗುಣವನ್ನು ಹಿಡಿದು ರಾಜಸ್ಥಾನದ ಉದಯಪುರದ ಹತ್ತಿರ ಜಾವರ್‌ನಲ್ಲಿ ಶತಮಾನಗಳ ಹಿಂದೆಯೇ ಅದಿರಿನಿಂದ ಸತುವನ್ನು ಆವಿಯಾಗಿಸಿ, ಮಣ್ಣಿನ ಮೂಸೆಗಳಲ್ಲಿ ಭಟ್ಟಿ ಇಳಿಸುತ್ತಿದ್ದರು. ಅವರಿಗೆ ವರವಾದದ್ದು ನಮ್ಮ ವೆಲ್ಡರನಿಗೆ ಶಾಪ.

ಹೀಗೆ ಹೋದ ಸತುವನ್ನು ತಣ್ಣಗೇ ಮರಳಿ ಕೂರಿಸುವುದಕ್ಕೆ ಡಬ್ಬದಲ್ಲಿ ಬರುವ ದ್ರವ ಸತು ಇದೆ. ಅಂಗಡಿಯಲ್ಲಿ 'ಕೋಲ್ಡ್ ಗ್ಯಾಲ್ವನೈಸಿಂಗ್' ಅಥವಾ 'ಜಿಂಕ್ ರಿಚ್ ಪ್ರೈಮರ್' ಎಂದು ಕೇಳಿ. ನುಣ್ಣನೆಯ ಸತುವಿನ ಪುಡಿಯನ್ನು ಸ್ವಲ್ಪವೇ ರಾಳದಲ್ಲಿ ಕಲಸಿದ ವಸ್ತು ಇದು. ಬ್ರಶ್ಶಿನಲ್ಲಿ ಹಚ್ಚುತ್ತೇವೆ ಎಂದು ಇದನ್ನು ಪೇಂಟ್ ಎಂದುಕೊಂಡರೆ ಕೆಲಸ ಕೆಟ್ಟಂತೆ. ಪೇಂಟು ನೀರನ್ನು ತಡೆಯುತ್ತದೆ. ಸತು ತಾನೇ ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಹಾಗೆ ಉಳಿಸಬೇಕಾದರೆ ಅದು ಬರಿ ಕಬ್ಬಿಣವನ್ನು ಮುಟ್ಟಿಕೊಂಡಿರಬೇಕು. ಮುಂದೆ ಹೇಳುವ ಎಲ್ಲ ಹಂತಗಳೂ ಈ ಮುಟ್ಟುವಿಕೆಯನ್ನು ಕಾಪಾಡುವುದಕ್ಕೇ.

ಮುಟ್ಟಬೇಕು ಎಂದರೆ ಏನು

ನೀರಿನಲ್ಲಿ ಕಬ್ಬಿಣ, ಸತು ಎರಡೂ ಒಂದನ್ನೊಂದು ತಾಗಿಕೊಂಡಿದ್ದರೆ ಸಣ್ಣದೊಂದು ಬ್ಯಾಟರಿ ಹುಟ್ಟುತ್ತದೆ. ಪಠ್ಯಪುಸ್ತಕದ ಲೆಕ್ಕದಲ್ಲಿ ಸತುವಿನ ವಿಭವ -0.76 ವೋಲ್ಟ್, ಕಬ್ಬಿಣದ್ದು -0.44. ಹೆಚ್ಚು ಋಣವಾಗಿರುವ ಸತು ಎಲೆಕ್ಟ್ರಾನ್ ಕೊಡುತ್ತಾ ಕರಗುತ್ತದೆ, ಕಬ್ಬಿಣ ಆರಾಮವಾಗಿರುತ್ತದೆ. ಅದಕ್ಕೇ ಸತು ಬಳಿದ ತಗಡಿನ ಮೇಲೆ ಸಣ್ಣ ಗೀರು ಬಿದ್ದರೂ ಅಲ್ಲಿ ತುಕ್ಕು ಬೇಗ ಹುಟ್ಟುವುದಿಲ್ಲ. ತವರ ಬಳಿದ ಕಬ್ಬಿಣದ ಡಬ್ಬದಲ್ಲಿ ಇದು ತಿರುಗುಮುರುಗು. ತವರದ ವಿಭವ -0.14, ಹಾಗಾಗಿ ಗೀರು ಬಿದ್ದ ಕಡೆ ಕಬ್ಬಿಣವೇ ಬಲಿಯಾಗುತ್ತದೆ.

ಡಬ್ಬದ ಸತುವಿನಲ್ಲಿ ಪುಡಿಯ ಕಣಗಳು ಒಂದಕ್ಕೊಂದು ತಾಗುತ್ತಾ, ಕೊನೆಯ ಕಣ ಕಬ್ಬಿಣಕ್ಕೆ ತಾಗಿದರೆ ಮಾತ್ರ ಈ ವಿದ್ಯುತ್ ಹರಿಯುವುದು. ನಡುವೆ ರಾಳ ಹೆಚ್ಚಾದರೆ ಸರಪಳಿ ಕಡಿಯಿತು. ನಡುವೆ ರೆಡ್ ಆಕ್ಸೈಡ್, ಹಳೆ ಪೇಂಟು, ಎಣ್ಣೆ, ತುಕ್ಕು ಏನೇ ಇದ್ದರೂ ಅಷ್ಟೇ. ತುಕ್ಕನ್ನು ಕಪ್ಪಾಗಿಸುವ 'ರಸ್ಟ್ ಕನ್ವರ್ಟರ್' ಹಚ್ಚಿ ಅದರ ಮೇಲೆ ಸತು ಹಚ್ಚುವವರಿದ್ದಾರೆ. ಎರಡಕ್ಕೂ ಕೊಟ್ಟ ದುಡ್ಡು ದಂಡ.

ಹೊಸ ಗೇಟಾದರೆ ಮೊದಲು ಇದನ್ನು ಯೋಚಿಸಿ

ದ್ರವ ಸತು ಒಳ್ಳೆಯದೇ, ಆದರೆ ಸುಮಾರು 450 ಡಿಗ್ರಿಯ ಸತುವಿನ ಕೊಪ್ಪರಿಗೆಯಲ್ಲಿ ಮುಳುಗಿಸಿ ತೆಗೆದದ್ದಕ್ಕೆ ಅದು ಸಮವಲ್ಲ. ಅಲ್ಲಿ ಸತು ಕಬ್ಬಿಣದೊಂದಿಗೆ ಬೆರೆತು ಮಿಶ್ರಲೋಹವೇ ಆಗುತ್ತದೆ. ಗೇಟನ್ನು ಪೂರ್ತಿ ಮಾಡಿ ಮುಗಿಸಿ, ಬೆಸುಗೆಯೆಲ್ಲ ಆದ ಮೇಲೆ ಮುಳುಗಿಸಲು ಕಳಿಸುವ ಅನುಕೂಲವಿದ್ದರೆ ಅದನ್ನೇ ಮಾಡಿ. ಪೈಪಿಗೆ ಗಾಳಿ ಹೋಗುವ ತೂತು ಬಿಡಲು ವೆಲ್ಡರನಿಗೆ ಹೇಳುವುದನ್ನು ಮರೆಯಬೇಡಿ. ಎರಡೂ ತುದಿ ಮುಚ್ಚಿದ ಪೈಪು ಆ ಬಿಸಿಯಲ್ಲಿ ಸಿಡಿಯುತ್ತದೆ.

ಪೈಪು ಕೊಳ್ಳುವಾಗಲೂ ಒಂದು ಮಾತು. ಅಂಗಡಿಯಲ್ಲಿ ಜಿಪಿ, ಜಿಐ ಎಂದು ಎರಡು ಬಗೆ ಇರುತ್ತವೆ. ಜಿಪಿ ಎಂದರೆ ಮೊದಲೇ ಸತು ಬಳಿದ ತಗಡನ್ನು ಮಡಚಿ ಮಾಡಿದ ಪೈಪು, ಜಿಐ ಎಂದರೆ ಪೈಪಾದ ಮೇಲೆ ಸತುವಿನಲ್ಲಿ ಮುಳುಗಿಸಿದ್ದು. ಜಿಪಿಯಲ್ಲಿ '120 ಗ್ರಾಂ' ಎಂದರೆ ತಗಡಿನ ಎರಡೂ ಬದಿ ಸೇರಿ ಚದರ ಮೀಟರಿಗೆ 120 ಗ್ರಾಂ. ಲೆಕ್ಕ ಹಾಕಿದರೆ ಒಂದು ಬದಿಗೆ ಎಂಟೂವರೆ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಆಸುಪಾಸು. ಸಮುದ್ರ ಕಾಣುವ ಮನೆಗೆ ಅದು ಏನೇನೂ ಸಾಲದು. ನಾವು ಡಬ್ಬದಿಂದ ಹಚ್ಚುವುದೇ 80 ಮೈಕ್ರಾನ್.

ಯಾವ ಡಬ್ಬ ತರಬೇಕು

ಇಲ್ಲಿ ಮೋಸ ಹೋಗುವವರೇ ಹೆಚ್ಚು. 'ಜಿಂಕ್' ಎಂದು ಕೇಳಿದರೆ ಹಳದಿ ಬಣ್ಣದ ಜಿಂಕ್ ಕ್ರೋಮೇಟ್ ಪ್ರೈಮರನ್ನೋ, ಬೂದು ಬಣ್ಣದ ಜಿಂಕ್ ಫಾಸ್ಫೇಟ್ ಪ್ರೈಮರನ್ನೋ ಕೊಟ್ಟು ಕಳಿಸುತ್ತಾರೆ. ಅವೆರಡರಲ್ಲಿ ಇರುವುದು ಸತುವಿನ ಲವಣ, ಲೋಹವಲ್ಲ. ಮೇಲೆ ಹೇಳಿದ ಬ್ಯಾಟರಿಯ ಕೆಲಸ ಅವುಗಳಿಂದ ಆಗದು. ಕ್ರೋಮೇಟ್ ಅಂತೂ ಕ್ಯಾನ್ಸರ್ ತರುವ ವಸ್ತು, ಅದನ್ನು ಉಜ್ಜಿದ ಧೂಳು ಮೂಗಿಗೆ ಹೋಗಬಾರದು. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟನ್ನು 'ಇದೂ ಅದೇ' ಎಂದು ಕೊಡುವವರೂ ಉಂಟು.

ಪರೀಕ್ಷೆ ಸುಲಭ. ಡಬ್ಬವನ್ನು ಎತ್ತಿ ನೋಡಿ. ಸತು ನೀರಿಗಿಂತ ಏಳು ಪಟ್ಟು ಭಾರ, ಆದ್ದರಿಂದ ನಿಜವಾದ ದ್ರವ ಸತುವಿನ ಒಂದು ಲೀಟರ್ ಎರಡೂವರೆ ಕೆಜಿಯ ಹತ್ತಿರ ಅಥವಾ ಅದಕ್ಕೂ ಹೆಚ್ಚು ತೂಗುತ್ತದೆ. ಕೈಗೆ ಮಾಮೂಲಿ ಪೇಂಟಿನಂತೆ ಹಗುರವಾಗಿದ್ದರೆ ಅಲ್ಲೇ ಬಿಟ್ಟು ಬನ್ನಿ. ಆಮೇಲೆ ಕಂಪನಿಯ ಮಾಹಿತಿ ಪತ್ರ ತೆಗೆಸಿ, ಒಣಗಿದ ಪದರದಲ್ಲಿ ತೂಕದ ಲೆಕ್ಕದಲ್ಲಿ ಶೇಕಡ ಎಷ್ಟು ಸತು ಎಂದು ನೋಡಿ. ಐಎಸ್ಒ 12944 ಮಾನದಂಡದ ಪ್ರಕಾರ ಕನಿಷ್ಠ 80 ಇರಬೇಕು. ಒಂದೇ ಡಬ್ಬದ ಕೋಲ್ಡ್ ಗ್ಯಾಲ್ವನೈಸಿಂಗ್‌ಗಳಲ್ಲಿ 90 ದಾಟಿದ್ದೂ ಸಿಗುತ್ತದೆ.

ಬಗೆಗಳು ಮುಖ್ಯವಾಗಿ ಮೂರು. ಬೆಸುಗೆ ಮೂಲೆಗಳಿಗೆ, ಸಣ್ಣ ಗ್ರಿಲ್‌ಗೆ ಒಂದೇ ಡಬ್ಬದ್ದು ಸಾಕು. ಇಡೀ ಟ್ರಸ್ಸಿಗೆ, ಮೇಲೆ ಬಣ್ಣವೂ ಬೇಕೆನ್ನುವ ಗೇಟಿಗೆ ಎರಡು ಡಬ್ಬ ಬೆರೆಸುವ ಎಪಾಕ್ಸಿ ಜಿಂಕ್. ಮೂರನೆಯದು ಜಿಂಕ್ ಸಿಲಿಕೇಟ್. ಸೇತುವೆ, ಟ್ಯಾಂಕುಗಳಿಗೆ ಅದು ಬಹಳ ಒಳ್ಳೆಯದು, ಆದರೆ ಮರಳು ಸಿಡಿಸಿ ತೊಳೆದ ಕಬ್ಬಿಣವಿಲ್ಲದೆ ಅದು ಹಿಡಿಯುವುದಿಲ್ಲ. ಮನೆ ಕೆಲಸಕ್ಕೆ ಅದನ್ನು ಮರೆತುಬಿಡಿ.

ಎಷ್ಟು ಬೇಕು? ಎರಡಿಂಚು ಚೌಕದ ಪೈಪಿಗೆ ಪ್ರತಿ ಮೀಟರ್ ಉದ್ದಕ್ಕೆ 0.2 ಚದರ ಮೀಟರ್ ಮೈ. 120 ಮೀಟರ್ ಪೈಪಿದ್ದರೆ 24 ಚದರ ಮೀಟರ್. ಮಾಹಿತಿ ಪತ್ರದಲ್ಲಿ 'ಘನಾಂಶ ಗಾತ್ರದಲ್ಲಿ ಶೇಕಡ ಇಷ್ಟು' ಎಂದಿರುತ್ತದೆ. ಅದನ್ನು ಹತ್ತರಿಂದ ಗುಣಿಸಿ, ಬೇಕಾದ ಮೈಕ್ರಾನ್‌ನಿಂದ ಭಾಗಿಸಿದರೆ ಒಂದು ಲೀಟರಿಗೆ ಎಷ್ಟು ಚದರ ಮೀಟರ್ ಎಂದು ಸಿಗುತ್ತದೆ. ಘನಾಂಶ 50, ದಪ್ಪ 80 ಆದರೆ 6.25 ಚದರ ಮೀಟರ್. 24ಕ್ಕೆ ಸುಮಾರು 3.8 ಲೀಟರ್, ಚೆಲ್ಲಿದ್ದು ಸೋರಿದ್ದು ಸೇರಿಸಿ ಐದೂವರೆ. ಮಾರುವುದು ಕೆಜಿ ಲೆಕ್ಕದಲ್ಲಾದರೆ 15 ಕೆಜಿಯ ಹತ್ತಿರ. ಐದು ಕೆಜಿ ತಂದು ಮುಗಿಸಿದೆ ಎನ್ನುವ ಪೇಂಟರ್ ತಿನ್ನರ್ ಸುರಿದಿದ್ದಾನೆ ಎಂದೇ ತಿಳಿಯಿರಿ.

ಯಾವಾಗ ಹಚ್ಚಬೇಕು

ಮಳೆ ನಿಂತ ಮಾತ್ರಕ್ಕೆ ಶುರು ಮಾಡಬೇಡಿ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ, ಅದರಲ್ಲೂ ಬೆಳಿಗ್ಗೆ ಹತ್ತರ ಮೇಲೆ, ಸಂಜೆ ನಾಲ್ಕರ ಒಳಗೆ. ಬೆಳಗಿನ ಜಾವ ಶೀಟಿನ ಅಡಿಯಿಂದ ಹನಿ ತೊಟ್ಟಿಕ್ಕುವುದನ್ನು ನೋಡಿರುತ್ತೀರಿ. ಕಣ್ಣಿಗೆ ಹನಿ ಕಾಣದಿದ್ದರೂ ತೆಳ್ಳಗೆ ಇಬ್ಬನಿ ಕೂತಿರಬಹುದು. ನಿಯಮವೇನೆಂದರೆ, ಕಬ್ಬಿಣದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಗಾಳಿ 28 ಡಿಗ್ರಿ, ತೇವಾಂಶ ಶೇ. 80 ಇದ್ದ ದಿನ ಇಬ್ಬನಿ ಕಟ್ಟುವುದು 24ರ ಹತ್ತಿರ, ಆಗ ಕಬ್ಬಿಣ 27 ದಾಟಿರಬೇಕು. ತೇವಾಂಶ ಶೇ. 85 ಮೀರಿದರೆ ಆ ದಿನ ಕೆಲಸ ಬೇಡ. ನಡುಮಧ್ಯಾಹ್ನ ಕೈ ಇಡಲಾಗದಷ್ಟು ಕಾದ ಪೈಪಿಗೂ ಹಚ್ಚಬೇಡಿ. ಬ್ರಶ್ ಎಳೆಯುವ ಮೊದಲೇ ಒಣಗಿ ಪುಡಿಪುಡಿಯಾಗುತ್ತದೆ.

ಮೈ ತೊಳೆಯುವ ಕೆಲಸ

ಒಟ್ಟು ಸಮಯದ ಮುಕ್ಕಾಲು ಪಾಲು ಇದಕ್ಕೇ ಹೋಗಬೇಕು. ಪೇಂಟರ್ ಜೊತೆ ರೇಟು ಮಾತಾಡುವಾಗಲೂ ಹಚ್ಚುವುದಕ್ಕಲ್ಲ, ಉಜ್ಜುವುದಕ್ಕೆ ಎಷ್ಟು ಎಂದು ಬೇರೆಯಾಗಿ ಕೇಳಿ. ಹೊಸ ಕೆಲಸವಾದರೆ ಫ್ಯಾಬ್ರಿಕೇಶನ್‌ನವರಿಗೆ ಮುಂಚೆಯೇ "ರೆಡ್ ಆಕ್ಸೈಡ್ ಹೊಡೆಯಬೇಡಿ, ಪುಟ್ಟಿ ಹಾಕಬೇಡಿ" ಎಂದು ಹೇಳಿಡಿ. ಕೈ ರೂಢಿಯಲ್ಲಿ ಹೊಡೆದೇಬಿಡುತ್ತಾರೆ.

ಮೊದಲು ಎಣ್ಣೆ ತೆಗೆಯಿರಿ, ಗ್ರೈಂಡರ್ ಆಮೇಲೆ. ಎಣ್ಣೆ ಇರುವಾಗಲೇ ಉಜ್ಜಿದರೆ ಅದು ಗೀರುಗಳೊಳಗೆ ತುಂಬಿಕೊಳ್ಳುತ್ತದೆ. ತಿನ್ನರ್ ಅದ್ದಿದ ಒಂದು ಬಿಳಿ ಬಟ್ಟೆಯಲ್ಲಿ ಒರೆಸಿ, ತಕ್ಷಣ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿ. ಒಂದೇ ಬಟ್ಟೆಯಾದರೆ ಎಣ್ಣೆ ಅಲ್ಲಿಂದಿಲ್ಲಿಗೆ ಸಾಗುತ್ತದೆಯೇ ಹೊರತು ಹೋಗುವುದಿಲ್ಲ.

ಆಮೇಲೆ ಬೆಸುಗೆ. ಅದರ ಮೇಲೆ ಕೂತ ಗಾಜಿನಂಥ ಚಿಪ್ಪನ್ನು (ಸ್ಲ್ಯಾಗ್) ಸುತ್ತಿಗೆಯಿಂದ ಕುಟ್ಟಿ ಉದುರಿಸಿ, ಸುತ್ತ ಸಿಡಿದು ಕೂತ ಕಾಳುಗಳನ್ನು ಉಳಿಯಿಂದ ಎಬ್ಬಿಸಿ, ಚೂಪು ಅಂಚುಗಳನ್ನು ದುಂಡಗೆ ಮಾಡಿ. ಚೂಪು ಅಂಚಿನ ಮೇಲೆ ಯಾವ ಲೇಪವೂ ದಪ್ಪ ನಿಲ್ಲುವುದಿಲ್ಲ. ಗ್ರೈಂಡರಿಗೆ ತಂತಿಯ ಕಪ್ ಬ್ರಶ್ ಹಾಕಿ ಮೈ ಫಳಫಳ ಹೊಳೆಸುವುದು ಎಲ್ಲರ ಚಾಳಿ. ನೋಡಲು ಚೆಂದ, ಆದರೆ ಹೊಳೆಯುವ ಮೈ ನುಣುಪಾಗಿ ಸತುವಿಗೆ ಹಿಡಿತವೇ ಸಿಗುವುದಿಲ್ಲ. ಕೊನೆಯಲ್ಲಿ 60 ಅಥವಾ 80 ನಂಬರಿನ ಫ್ಲ್ಯಾಪ್ ಡಿಸ್ಕಿನಿಂದಲೋ ಎಮರಿಯಿಂದಲೋ ತರಿ ಮಾಡಿ. ಹೊಸ ಎಂಎಸ್ (ಸತು ಬಳಿಯದ ಮಾಮೂಲಿ) ಕಬ್ಬಿಣದ ಮೇಲೆ ನೀಲಿಗಪ್ಪು ಚರ್ಮದಂಥ ಪದರ ಇದ್ದರೆ ಅದೂ ಪೂರ್ತಿ ಹೋಗಬೇಕು. ದೊಡ್ಡ ಕೆಲಸಕ್ಕೆ ಮರಳು ಸಿಡಿಸುವುದೇ ದಾರಿ, ಗುತ್ತಿಗೆ ಕಾಗದದಲ್ಲಿ 'ಎಸ್‌ಎ 2½' (ಮೈ ಎಷ್ಟು ಶುಚಿಯಾಗಬೇಕೆಂಬ ದರ್ಜೆ) ಎಂದು ಬರೆಸಿ. ಜಿಐ ಪೈಪಿನ ಬೆಸುಗೆ ಮಾತ್ರ ಸರಿಪಡಿಸುವುದಾದರೆ ಸುತ್ತಲೂ ಎರಡಿಂಚು ಉಜ್ಜಿ. ಒಳ್ಳೆಯ ಸತು ಇರುವ ಕಡೆ ಗ್ರೈಂಡರ್ ಒತ್ತಬೇಡಿ, ಇರುವುದನ್ನೂ ಕಳೆದುಕೊಳ್ಳುತ್ತೀರಿ.

ಇನ್ನು ಉಪ್ಪು. ಸಮುದ್ರದ ಗಾಳಿಗೆ ನಿಂತ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ಉಪ್ಪು ಇರುತ್ತದೆ. ಅದರ ಮೇಲೆ ಹಚ್ಚಿದರೆ ಉಪ್ಪು ನೀರನ್ನು ಒಳಗೆ ಎಳೆದುಕೊಂಡು ಲೇಪ ಬೊಕ್ಕೆ ಏಳುತ್ತದೆ. ಸಿಹಿನೀರಿನಲ್ಲಿ ತೊಳೆದು, ಒರೆಸಿ, ಪೂರ್ತಿ ಒಣಗಿಸಿ. ಹಿನ್ನೀರಿನ ಹತ್ತಿರದ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುವುದುಂಟು, ತೊಳೆಯುವ ಮೊದಲು ನಾಲಿಗೆಗೆ ಒಂದು ಹನಿ ಹಾಕಿ ನೋಡಿ. ತೊಳೆದ ಮೇಲೆ ನಸುಗಂದು ಬಣ್ಣ ಮೂಡಿದರೆ ಮತ್ತೊಮ್ಮೆ ಎಮರಿ ಎಳೆಯಿರಿ. ಬೆಳಿಗ್ಗೆ ಉಜ್ಜಿದ್ದಕ್ಕೆ ಅದೇ ದಿನ ಹಚ್ಚಿ ಮುಗಿಸಬೇಕು. ನಾಳೆಗೆ ಬಿಟ್ಟರೆ ಮತ್ತೆ ಮೊದಲಿನಿಂದ.

ಹಚ್ಚುವುದು

ಡಬ್ಬ ತೆರೆದಾಗ ಮೇಲೆ ತಿಳಿ, ಅಡಿಯಲ್ಲಿ ಸಿಮೆಂಟಿನಂಥ ಗಟ್ಟಿ ಗಸಿ. ಆ ಗಸಿಯೇ ನೀವು ದುಡ್ಡು ಕೊಟ್ಟ ಸತು. ತಳ ಕೆರೆದು, ಡ್ರಿಲ್ಲಿಗೆ ಕಲಕುವ ಕಡ್ಡಿ ಸಿಕ್ಕಿಸಿ, ಗಂಟಿಲ್ಲದಂತೆ ಕಲಸಿ, ಜಾಲರಿಯಲ್ಲಿ ಸೋಸಿ. ಹಚ್ಚುತ್ತಿರುವಾಗಲೂ ಹತ್ತು ನಿಮಿಷಕ್ಕೊಮ್ಮೆ ಕಲಕುತ್ತಿರಬೇಕು, ಇಲ್ಲದಿದ್ದರೆ ಮೊದಲ ಪೈಪಿಗೆ ರಾಳ, ಕೊನೆಯ ಪೈಪಿಗೆ ಮಣ್ಣು. ಎರಡು ಡಬ್ಬದ್ದಾದರೆ ಎರಡು ಗಂಟೆಯಲ್ಲಿ ಮುಗಿಯುವಷ್ಟನ್ನೇ ಬೆರೆಸಿ.

ಮೊದಲ ಕೈ ಬೆಸುಗೆ, ಅಂಚು, ಬೋಲ್ಟ್ ತೂತುಗಳಿಗೆ ಮಾತ್ರ, ಸಣ್ಣ ಬ್ರಶ್ಶಿನಲ್ಲಿ ಒತ್ತಿ ತುಂಬುವಂತೆ. ತುಕ್ಕು ಶುರುವಾಗುವುದೇ ಅಲ್ಲಿಂದ. ಅದಾದ ಮೇಲೆ ಎಲ್ಲಕ್ಕೂ ಒಂದು ಕೈ, ಮಾಹಿತಿ ಪತ್ರ ಹೇಳಿದಷ್ಟು ಹೊತ್ತು ಬಿಟ್ಟು ಇನ್ನೊಂದು ಕೈ. ಒಂದೊಂದು 40 ಮೈಕ್ರಾನ್, ಒಟ್ಟು 80. ರೋಲರ್ ಬೇಡ, ಪದರ ಏರುಪೇರಾಗುತ್ತದೆ. ಒಂದೇ ಸಲಕ್ಕೆ ದಪ್ಪ ಬಳಿದರೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ. ದಪ್ಪ ಅಳೆಯಲು ಡಿಎಫ್‌ಟಿ ಗೇಜ್ ಎಂಬ ಅಂಗೈಯಗಲದ ಮೀಟರ್ ಇದೆ. ದೊಡ್ಡ ಗುತ್ತಿಗೆದಾರರಲ್ಲಿ ಇರುತ್ತದೆ, ನಿಮ್ಮೆದುರು ಹತ್ತು ಕಡೆ ಇಟ್ಟು ತೋರಿಸಲು ಹೇಳಿ.

ಚೆನ್ನಾಗಿ ಒಣಗಿದ ಮೇಲೆ ನಾಣ್ಯದಿಂದ ಮೆಲ್ಲಗೆ ಉಜ್ಜಿ ನೋಡಿ. ಮಂಕು ಬೂದಿಯ ನಡುವೆ ಲೋಹದ ಹೊಳಪಿನ ಗೆರೆ ಬಂದರೆ ಸರಿ. ಪುಡಿಯಾಗಿ ಉದುರಿದರೆ ಇನ್ನೂ ಕೂತಿಲ್ಲ.

ಮೇಲೆ ಬಣ್ಣ ಬೇಕೇ

ಟ್ರಸ್ಸಿಗೆ ಬೇಡ ಎನ್ನುವುದೇ ನನ್ನ ಅಭಿಪ್ರಾಯ. ಬೂದು ಬಣ್ಣ ಹಾಗೇ ಇರಲಿ, ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಕೆಲವು ತಿಂಗಳಲ್ಲಿ ಸತುವಿನ ಕಾರ್ಬೊನೇಟ್ ಪದರ ಕಟ್ಟಿ ಅದೇ ಒಂದು ರಕ್ಷಣೆಯಾಗುತ್ತದೆ. ಗೇಟಿಗೆ ಬಣ್ಣ ಬೇಕೇ ಬೇಕೆಂದರೆ, ದಯವಿಟ್ಟು ಆಯಿಲ್ ಎನಾಮೆಲ್ ಮುಟ್ಟಬೇಡಿ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಸತು ಹಚ್ಚಿದ ಗೇಟಿಗೆ ಮನೆಯಲ್ಲಿ ಉಳಿದಿದ್ದ ಕಪ್ಪು ಎನಾಮೆಲ್ ಹೊಡೆದೆ, ಒಂದೇ ಮಳೆಗಾಲಕ್ಕೆ ಹಪ್ಪಳದಂತೆ ಎದ್ದು ಬಂತು. ಎನಾಮೆಲ್‌ನಲ್ಲಿರುವ ಎಣ್ಣೆ ಸತುವಿನ ಕ್ಷಾರಗುಣದ ಲವಣದೊಂದಿಗೆ ಸೇರಿ ಸಾಬೂನಾಗುತ್ತದೆ. ಸಾಬೂನಿನ ಮೇಲೆ ಬಣ್ಣ ನಿಲ್ಲುತ್ತದೆಯೇ? ಎಪಾಕ್ಸಿಯ ನಡುಪದರ, ಅದರ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ, ಇದು ಸರಿಯಾದ ಜೋಡಿ. ಸತುವಿನ ಪದರ ರಂಧ್ರಮಯ, ಒಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ. ಅದಕ್ಕೆ ಎಪಾಕ್ಸಿಯನ್ನು ಮೊದಲು ತೆಳ್ಳಗೆ ಮಂಜಿನಂತೆ ಹಾಯಿಸಿ, ಸ್ವಲ್ಪ ಹೊತ್ತು ಬಿಟ್ಟು ಪೂರ್ತಿ ದಪ್ಪಕ್ಕೆ ಹೊಡೆಯಬೇಕು.

ಬಾಗಿಲ ಹಲಗೆಗೆ ಲೋಹದ ಮೈ: ಇದು ಬೇರೆಯೇ ಕೆಲಸ

ಬೆಂಗಳೂರಿನ ಇಂಟೀರಿಯರ್‌ನವರು 'ಲಿಕ್ವಿಡ್ ಮೆಟಲ್' ಎಂದು ತೋರಿಸುವುದರಲ್ಲಿ ಒಂದು ಬಗೆಯೂ ಸತುವಿನ ಪುಡಿ ಮತ್ತು ರಾಳವೇ. ಆದರೆ ಅಡಿಯಲ್ಲಿ ಕಬ್ಬಿಣವಿಲ್ಲ. ಎಂಡಿಎಫ್ ಹಲಗೆ, ಪ್ಲೈವುಡ್, ಗೋಡೆಯ ಗಾರೆ, ಎಲ್ಲದಕ್ಕೂ ಇದನ್ನು ಹಾಕಬಹುದು. ಕಾಪಾಡುವ ಕೆಲಸ ಇಲ್ಲಿಲ್ಲ, ಇದು ಅಲಂಕಾರ. ಹಲಗೆಯ ಅಂಚುಗಳನ್ನು ಪಿಯು ಪ್ರೈಮರ್‌ನಿಂದ ಮುಚ್ಚಿ, 240 ನಂಬರಿನಲ್ಲಿ ಉಜ್ಜಿ, ದೊಡ್ಡ ಬಾಯಿಯ ಗನ್‌ನಲ್ಲಿ ಎರಡು ಮೂರು ಸಲ ಸಿಂಪಡಿಸುತ್ತಾರೆ. ಒಣಗಿದಾಗ ಬರೀ ಬೂದು ಪ್ರೈಮರಿನಂತೆ ಕಾಣುವ ಕಾರಣ ಮನೆಯವರು ಗಾಬರಿಯಾಗುವುದುಂಟು. ಮೇಲಿನ ರಾಳದ ಪೊರೆಯನ್ನು 240, 400, 800 ಎಂದು ಒಂದಾದ ಮೇಲೊಂದು ಎಮರಿಯಲ್ಲಿ ಕಳೆದಾಗಲೇ ಲೋಹ ಕಣ್ಣು ಬಿಡುವುದು. ಮೂಲೆಗಳಲ್ಲಿ ಕೈ ಹಗುರವಿರಲಿ, ಒಮ್ಮೆ ಪ್ರೈಮರ್ ಕಂಡಿತೆಂದರೆ ಮತ್ತೆ ಸಿಂಪಡಿಸಬೇಕು.

ಹಳೆಯ ಲೋಹದ ಕಪ್ಪು ಛಾಯೆ ಬೇಕಿದ್ದರೆ ನಮ್ಮ ಅಡಿಕೆ ತೋಟದವರ ಮೈಲುತುತ್ತವೇ (ತಾಮ್ರದ ಸಲ್ಫೇಟ್) ಸಾಕು. ಚಿಟಿಕೆಯಷ್ಟನ್ನು ನೀರಿನಲ್ಲಿ ಕರಗಿಸಿ ಸ್ಪಂಜಿನಲ್ಲಿ ತಾಗಿಸಿದರೆ ತಾಮ್ರ ಬಂದು ಸತುವಿನ ಮೇಲೆ ಕಪ್ಪಾಗಿ ಕೂರುತ್ತದೆ. ಮೊದಲು ತುಂಡು ಹಲಗೆಯ ಮೇಲೆ ನೋಡಿ, ಬೇಕಾದ ಛಾಯೆ ಬಂದ ಕೂಡಲೇ ತೊಳೆದು ಒಣಗಿಸಿ. ಕೊನೆಗೆ ಮೇಣ ಅಥವಾ ಮಂಕು ಪಿಯು. ಅಡುಗೆಕಟ್ಟೆಗೆ ಮಾತ್ರ ಈ ಮೈ ಬೇಡ, ನಿಂಬೆ, ಹುಣಸೆ, ಮಜ್ಜಿಗೆ ಎಲ್ಲವೂ ಕಲೆ ಮಾಡುತ್ತವೆ.

ತಾಮ್ರ ಹೀಗೆ ಸತುವಿನ ಮೇಲೆ ಕೂರುವ ಕಾರಣಕ್ಕೆ ತೋಟದ ಮನೆಯವರಿಗೆ ಎಚ್ಚರಿಕೆ: ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಹೊಡೆಯುವಾಗ ಟ್ರಸ್ಸಿನ ಮೇಲೆ, ಗೇಟಿನ ಮೇಲೆ ಬಿದ್ದ ಹನಿಯನ್ನು ಅಂದೇ ತೊಳೆಯಿರಿ. ತಾಮ್ರದ ಪೈಪಿನ ನೀರು ಸತುವಿನ ಮೇಲೆ ಇಳಿಯದಿರಲಿ. ಕಂಬದ ಬುಡ ಹಸಿ ಕಾಂಕ್ರೀಟಿನಲ್ಲಿ ಹೂಳುವುದಾದರೆ ನೆಲದಿಂದ ಅರ್ಧ ಅಡಿ ಮೇಲಿನವರೆಗೂ ಸತುವಿನ ಮೇಲೆ ಎಪಾಕ್ಸಿ ಹಚ್ಚಿ. ಹಸಿ ಸಿಮೆಂಟಿನ ಕ್ಷಾರವೂ ಸತುವನ್ನು ತಿನ್ನುತ್ತದೆ.

ಮೈಮೇಲೆ ಎಚ್ಚರವಿರಲಿ

ಸತು ಹಚ್ಚಿದ ಮೇಲೆ ಅಲ್ಲೇ ಬೆಸುಗೆ ಹಾಕಿಸಬೇಡಿ. ಆ ಬಿಳಿ ಹೊಗೆ ಕುಡಿದವರಿಗೆ ಸಂಜೆಗೆ ಚಳಿ, ಜ್ವರ, ಮೈಕೈ ನೋವು ಬರುತ್ತದೆ. ಹಾಲು ಕುಡಿದರೆ ಏನೂ ಆಗದು ಎಂದು ವೆಲ್ಡರುಗಳು ನಂಬುತ್ತಾರೆ, ಹಾಲಿಗೂ ಅದಕ್ಕೂ ಸಂಬಂಧವಿಲ್ಲ. ಹೊಗೆ ಬಾರದಂತೆ ಮೊದಲೇ ಉಜ್ಜಿ ತೆಗೆಯುವುದು, ಬಯಲಿನಲ್ಲಿ ಕೆಲಸ ಮಾಡುವುದು, ತಕ್ಕ ಮಾಸ್ಕು, ಇಷ್ಟೇ ಉಪಾಯ. ಸ್ಪ್ರೇ ಮಾಡುವಾಗ ಹತ್ತಿರ ಬೀಡಿ, ಗ್ರೈಂಡರಿನ ಕಿಡಿ ಇರಬಾರದು. ಉಳಿದ ಡಬ್ಬಕ್ಕೆ ನೀರು ತಾಗದಂತೆ ಬಿಗಿಯಾಗಿ ಮುಚ್ಚಿಡಿ. ಸತುವಿನ ಪುಡಿಗೆ ನೀರು ಸೇರಿದರೆ ಜಲಜನಕ ಹುಟ್ಟಿ ಮುಚ್ಚಳ ಉಬ್ಬುತ್ತದೆ. ಉಬ್ಬಿದ ಡಬ್ಬವನ್ನು ಮುಖದ ಹತ್ತಿರ ಹಿಡಿದು ತೆರೆಯಬೇಡಿ.

ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಏಣಿ ಹತ್ತಿ ಬೆಸುಗೆ ಮೂಲೆಗಳನ್ನು ಟಾರ್ಚ್ ಹಾಕಿ ನೋಡಿ. ಬಿಳಿ ಪುಡಿ ಕಂಡರೆ ಸತು ತನ್ನ ಕೆಲಸ ಮಾಡುತ್ತಿದೆ, ಗಾಳಿಯಾಡದ ಜಾಗದಲ್ಲಿ ಅದು ದಪ್ಪಗೆ ಕಟ್ಟಿದ್ದರೆ ನಾರಿನ ಬ್ರಶ್ಶಿನಲ್ಲಿ ಉಜ್ಜಿ ತೊಳೆದರಾಯಿತು. ಕೆಂಪು ಚುಕ್ಕೆ ಕಂಡರೆ ಅಲ್ಲಿ ಸತು ಮುಗಿದಿದೆ. ಚುಕ್ಕೆಯ ಸುತ್ತ ಅಂಗೈಯಗಲ ಉಜ್ಜಿ, ಮಿಕ್ಕ ಡಬ್ಬವನ್ನು ತಳದಿಂದ ಕಲಸಿ, ಅಲ್ಲಿಗಷ್ಟೇ ಎರಡು ಕೈ ಕೊಡಿ.